ಮಾತು ಬಾರದವರ ಮನಸ್ಸು

ಹಾಲು ಕುಡಿಯುವ ಕೂಸಿಗೂ ಮನೋವ್ಯಾಧಿಯೇ ಎಂದು ನಗುವವರಲ್ಲಿ ನಾವೂ ಒಬ್ಬರಾಗಿದ್ದೆವು. ಕೂಸು ಅತ್ತರೆ ಹಸಿವು, ಇಲ್ಲವೇ ಹೊಟ್ಟೆನೋವು. ಎರಡೂ ಅಲ್ಲವಾದರೆ ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ತೀರಿತು. ನಮ್ಮ ವೈದ್ಯಶಾಸ್ತ್ರ ಇಷ್ಟೇ. ಆ ನಗು ನಿಂತದ್ದು ನೆರೆಮನೆಯ ಹುಡುಗಿಯ ದೆಸೆಯಿಂದ.

ಧಾರವಾಡದಿಂದ ಪುಣೆಗೆ ಬಂದ ಮನೆ. ಮೂರೂವರೆ ವರ್ಷದ ಮಗು. ಮನೆಯಲ್ಲಿ ಅಜ್ಜಿಯನ್ನೇ ಮಾತಿನಲ್ಲಿ ಸೋಲಿಸುವವಳು, ಬಾಲವಾಡಿಯಲ್ಲಿ ಮೂರು ತಿಂಗಳಾದರೂ ತುಟಿ ಬಿಚ್ಚಲಿಲ್ಲ. ವೈದ್ಯರೊಬ್ಬರಿಗೆ ತೋರಿಸಿದರು. ಅವರು ಮರಾಠಿಯಲ್ಲಿ ಹೆಸರು ಕೇಳಿದರು, ಇಂಗ್ಲಿಷಿನಲ್ಲಿ ಬಣ್ಣ ಕೇಳಿದರು. ಮಗು ತಿರುಗುವ ಫ್ಯಾನನ್ನೇ ನೋಡುತ್ತ ಕುಳಿತಿತು. ಹತ್ತು ನಿಮಿಷದಲ್ಲಿ 'ಬುದ್ಧಿ ಬೆಳವಣಿಗೆ ಕುಂಠಿತ' ಎಂಬ ಚೀಟಿ ಕೈಗೆ ಬಂತು. ತಾಯಿ ಅದನ್ನು ಪಂಚಾಂಗದ ಕೆಳಗೆ ಮುಚ್ಚಿಟ್ಟರು.

ವೈದ್ಯರನ್ನು ಬೈಯುವುದು ಸುಲಭ. ಆದರೆ ಅವರಿಗೆ ಇದನ್ನು ಕಲಿಸಿದವರು ಯಾರು? ದೊಡ್ಡವರು 'ಇಲ್ಲಿ ನೋವು' ಎಂದು ಬೆರಳಿಟ್ಟು ತೋರಿಸುತ್ತಾರೆ. ಎಳೆಯರ ವಿಷಯದಲ್ಲಿ ವೈದ್ಯರ ಕಣ್ಣೇ ಪಳಗಬೇಕು. ಅದು ತಾನಾಗಿ ಪಳಗುವುದಿಲ್ಲ. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು, ಎಂಟು ದಿನ ತಾಯಿಯನ್ನಗಲಿ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವಿನ ಚಲನಚಿತ್ರವನ್ನು ಲಂಡನ್ನಿನ ವೈದ್ಯರ ಸಭೆಯಲ್ಲಿ ತೋರಿಸಿದರು. ಮಗು ಹೆಚ್ಚು ಅಳುವುದಿಲ್ಲ, ಅಳು ನುಂಗುತ್ತದೆ. ಸಭಿಕರಲ್ಲಿ ಅನೇಕರು ಮರುಗುವ ಬದಲು ಸಿಟ್ಟಾದರು! ಸುಮ್ಮನಿರುವ ಮಗು ಸುಖವಾಗಿದೆ ಎಂದೇ ಅವರ ಎಣಿಕೆಯಾಗಿತ್ತು. 1959ರಲ್ಲಿ ಅಲ್ಲಿಯ ಪ್ಲ್ಯಾಟ್ ಸಮಿತಿಯು ಮಕ್ಕಳ ವಾರ್ಡಿಗೆ ತಂದೆತಾಯಿಯರು ಬಂದುಹೋಗಲು ಅಡ್ಡಿಯಿರಬಾರದೆಂದು ಶಿಫಾರಸು ಮಾಡಿತು.

ನೋಡುವುದನ್ನು ಕಲಿಸಲು ಈಗ ಕೈಪಿಡಿಯೇ ಉಂಟು. ಅಮೆರಿಕದ 'ಝೀರೋ ಟು ತ್ರೀ' ಸಂಸ್ಥೆ 1994ರಲ್ಲಿ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಹೊರತಂದದ್ದು. 2016ರಲ್ಲಿ ಐದು ವರ್ಷದವರೆಗೆ ವಿಸ್ತರಿಸಿತು. ಅದರಂತೆ ತರಬೇತಿ ಪಡೆದವರು ರೋಗದ ಹೆಸರೊಂದನ್ನೇ ಬರೆದು ಏಳುವ ಹಾಗಿಲ್ಲ. ಸಾಕುವವರೊಡನೆ ಮಗುವಿನ ನಂಟು, ದೇಹಸ್ಥಿತಿ, ಮನೆಯ ತಾಪತ್ರಯಗಳು, ಬೆಳವಣಿಗೆ ಎಲ್ಲವನ್ನೂ ತೂಗಬೇಕು. ಅದಕ್ಕೆ ಮುಕ್ಕಾಲು ಗಂಟೆಯ ಮೂರರಿಂದ ಐದು ಭೇಟಿಗಳಾದರೂ ಬೇಕಂತೆ. ಹತ್ತು ನಿಮಿಷವೆಲ್ಲಿ, ಇದೆಲ್ಲಿ!

ಮನೆಯಲ್ಲಿ ಆಡುವ ಮಗುವಿಗೆ ಹೊರಗೆ ಮಾತು ಕಟ್ಟುವುದಕ್ಕೆ 'ಸೆಲೆಕ್ಟಿವ್ ಮ್ಯೂಟಿಸಂ' ಎಂದು ಹೆಸರು. ಶಾಲೆಯ ಮೊದಲ ತಿಂಗಳ ಮೌನವನ್ನು, ಬರೀ ಭಾಷೆ ಬಾರದ್ದರಿಂದಾದ ಮೌನವನ್ನು ಅದರಲ್ಲಿ ಎಣಿಸಕೂಡದು. ನಮ್ಮಂಥ ಪರಊರಿನವರಿಗೆ ಇದು ಬಲು ಮುಖ್ಯ. ಹಾಗೆಂದು ಎಲ್ಲಕ್ಕೂ ಭಾಷೆಯ ನೆಪ ಹೇಳಬಾರದು. ಮನೆಯಲ್ಲಿ ಕನ್ನಡದಲ್ಲಿ ಕೂಗಿದರೂ ತಿರುಗದ, ಬಂದ ಮಾತೂ ಹೋದ ಮಗುವನ್ನು ತಡಮಾಡದೆ ತೋರಿಸಬೇಕು.

ನೆರೆಯವರು ಇನ್ನೊಬ್ಬ ವೈದ್ಯರನ್ನು ಕಂಡರು. ಈಕೆಗೂ ಕನ್ನಡ ಬಾರದು. ಆದರೆ ನೆಲದ ಮೇಲೆ ಕೂತರು, ತಾಯಿಯಿಂದ ಮಾತು ಅರ್ಥ ಮಾಡಿಸಿಕೊಂಡರು. ನಾಲ್ಕನೆಯ ಸಲ ಅಜ್ಜಿಯನ್ನೂ ಕರೆಸಿದರು. ಮಗು ಗೊಂಬೆಗೆ ಚಹಾ ಕೊಡುತ್ತ ಅಜ್ಜಿಯ ಕಿವಿಯಲ್ಲಿ, "ಡಾಕ್ಟರಿಗೂ ಸಕ್ಕರಿ ಹಾಕ್ಲ್ಯಾ?" ಎಂದಿತಂತೆ. ಬುದ್ಧಿಗೇನೂ ಕುಂದಿಲ್ಲ, ಅಂಜಿಕೆಗೆ ಮಾತು ಕಟ್ಟಿದೆ, ಬಲವಂತ ಬೇಡವೆಂದು ಬಾಲವಾಡಿಗೆ ಕಾಗದ ಬರೆದುಕೊಟ್ಟರು.

ಮೊನ್ನೆ ತಾಯಿ ಆ ಹಳೆಯ ಚೀಟಿಯನ್ನು ನಮ್ಮ ಮುಂದಿಟ್ಟು, "ಅಣ್ಣಾರ, ಇದನ್ನ ರದ್ದು ಮಾಡ್ಸಲಿಕ್ಕೆ ಬರ್ತದೇನ್ರೀ?" ಎಂದರು. ಫೈಲು ಸೇರಿದ ಕಾಗದ ಹೊರಬಂದುದನ್ನು ಗುಮಾಸ್ತರಾದ ನಾವಂತೂ ಕಂಡಿಲ್ಲ. ಹೊಸ ಕಾಗದವನ್ನು ಅದರ ಮೇಲಿಟ್ಟು ಟಾಚಣಿ ಚುಚ್ಚಿಕೊಟ್ಟೆವು.