ಹುಕುಂ ಕೊಡುವವ ಮುಂದೆ ನಿಲ್ಲಬೇಕು

ಜಯಸಿಂಗಪುರದ ಆಸುಪಾಸಿನ ಹಳ್ಳಿಗಳಲ್ಲಿ ಮಿಲಿಟ್ರಿ ಭರತಿ ಅಂದರೆ ಮನೆಮಂದಿಯೆಲ್ಲ ಕಿವಿ ನಿಮಿರಿಸುತ್ತಾರೆ. ಕಬ್ಬಿನ ಬಿಲ್ಲಿನ ದಾರಿ ಕಾಯುವ ಅಪ್ಪನಿಗೆ ಮಗನ ಖಾಯಂ ಪಗಾರದ ಆಸೆ ಇರುವುದು ಸಹಜ. ಎದೆಯಳತೆ, ಓಟ, ಪರೀಕ್ಷೆ ಎಲ್ಲ ಪಾಸಾದರೂ ಹುಡುಗ ಎಂಥಾ ಸಿಪಾಯಿ ಆಗುತ್ತಾನೆ ಎಂಬುದು ಮುಂದಿನ ಮಾತು. ಅದು ಅವನ ಮೇಲೆ ಎಂಥವರು ಸಿಗುತ್ತಾರೆ ಎಂಬುದರ ಮೇಲೆ ಬಹಳ ನಿಂತಿದೆ.

ಹುಕುಂ ಕೊಟ್ಟರೆ ಪರೇಡು ಆದೀತು, ಬೂಟು ಹೊಳೆದೀತು. ಗುಂಡು ಬರುವ ದಿಕ್ಕಿಗೆ ಮನುಷ್ಯ ನಡೆಯಬೇಕಾದರೆ ಬೇರೆಯದೇ ಬೇಕು. 1948ರ ನವೆಂಬರ್ 1ರಂದು ಜೋಜಿಲಾದಲ್ಲಿ, ಹನ್ನೊಂದು ಸಾವಿರ ಅಡಿಗಿಂತ ಎತ್ತರಕ್ಕೆ ಟ್ಯಾಂಕು ಏರಿಸಿದಾಗ, ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲಿ ತಾವೇ ಕೂತಿದ್ದರು. ಡಿವಿಜನ್ ಕಮಾಂಡರ್ ಹಿಂದೆ ಡೇರೆಯಲ್ಲಿ ಕೂತಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೂ ಅವರು ಹೋದರು. ಸಿಪಾಯಿಗಳು ಇಂಥದ್ದನ್ನು ಮರೆಯುವುದಿಲ್ಲ.

ಇನ್ನು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಮಾತು. ನಾಮದೇವ ಜಾಧವ ಎಂಬ ಸಿಪಾಯಿ ಬರೀ ಕಂಪನಿಯ ರನ್ನರ್, ಅಂದರೆ ಚೀಟಿ ಮುಟ್ಟಿಸುವವ. ಹೆಗಲ ಮೇಲೆ ಯಾವ ಪಟ್ಟಿಯೂ ಇರಲಿಲ್ಲ. 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೊ ನದಿಯಲ್ಲಿ ಗಾಯಗೊಂಡ ಇಬ್ಬರನ್ನು ಹೊತ್ತು, ನೀರು, ಏರಿ, ಸುರಂಗದ ಪಟ್ಟಿ ದಾಟಿಸಿ ಬಂದ. ಮತ್ತೆ ತಿರುಗಿ ಹೋಗಿ ಮೂರು ಮಶಿನ್‌ಗನ್ ಠಾಣೆಗಳ ಬಾಯಿ ಮುಚ್ಚಿಸಿದ. ಆಮೇಲೆ ದಂಡೆಯ ಮೇಲೆ ನಿಂತು ಮರಾಠಾ ಗರ್ಜನೆ ಮಾಡಿ, ಉಳಿದ ಕಂಪನಿಗಳನ್ನು ಕೈಬೀಸಿ ಕರೆದ. ವಿಕ್ಟೋರಿಯಾ ಕ್ರಾಸ್ ಬಂತು. ನಾಯಕತ್ವ ಹುದ್ದೆಯ ಜತೆಗೇ ಬರುತ್ತದೆ ಅನ್ನುವವರು ಇದಕ್ಕೇನು ಅಂತಾರೋ! (ಸಾಖರ ಕಾರ್ಖಾನೆಯ ಚೇರಮನ್ನರೂ ಉತ್ತರಿಸಬಹುದು.)

ಕೊಲ್ಲಾಪುರದಲ್ಲಿ 109 ಟೆರಿಟೋರಿಯಲ್ ಆರ್ಮಿ ಬಟಾಲಿಯನ್ ಇದೆ. ಸ್ವಂತ ಉದ್ಯೋಗ ಇಟ್ಟುಕೊಂಡೇ ಸಮವಸ್ತ್ರ ಹಾಕಿಕೊಳ್ಳುವುದು ಟಿ.ಎ. ಪದ್ಧತಿ. ಮನೆಯಲ್ಲಿ ಅನ್ನಕ್ಕೆ ದಾರಿ ಇದ್ದವನನ್ನು ಬರೀ ಬೈಗುಳದಿಂದ ದುಡಿಸಲಾಗದು. ಹೆಸರು ಹಿಡಿದು ಕರೆಯುವ, ರಜೆಯ ಅರ್ಜಿ ಮೂಲೆಗೆ ಒತ್ತದ ಸುಭೇದಾರ ಬೇಕು. ಅಂಥವನ ಕೈಕೆಳಗೆ ಕೆಲಸ ತಾನಾಗಿ ಆಗುತ್ತದೆ.

ಇದೆಲ್ಲ ಈಗ ಯಾಕೆಂದರೆ ಅಗ್ನಿಪಥ. 2022ರ ಜೂನ್‌ನಲ್ಲಿ ಸಾರಿದ ಈ ಯೋಜನೆಯಲ್ಲಿ ನಾಲ್ಕು ವರ್ಷದ ನೌಕರಿ, ಹೆಚ್ಚೆಂದರೆ ನೂರಕ್ಕೆ 25 ಮಂದಿ ಖಾಯಂ ಎಂದು ಗೊತ್ತುಮಾಡಿದರು. ಸೈನ್ಯ ತರುಣವಾಗಬೇಕು ಎಂಬ ಸರಕಾರದ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ಹತ್ತು ಮಂದಿಯ ಸೆಕ್ಷನ್ ನಡೆಸುವ ಒಬ್ಬ ಒಳ್ಳೆಯ ನಾಯಕ್ ಅಥವಾ ಹವಾಲ್ದಾರ ಪಕ್ವವಾಗಲು ವರ್ಷಗಳೇ ಬೇಕು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಒಂದೇ ಮೋರ್ಚಾದಲ್ಲಿ ಮಲಗುವ ನಾಲ್ವರಲ್ಲಿ ಒಬ್ಬನೇ ಉಳಿಯುತ್ತಾನೆ ಎಂದಾದಾಗ ಪಕ್ಕದವ ಜೊತೆಗಾರನೋ, ಪ್ರತಿಸ್ಪರ್ಧಿಯೋ? ಜಾಧವ ಹೊತ್ತು ತಂದದ್ದು ಜೊತೆಗಾರರನ್ನು.

ಆದ್ದರಿಂದ ಖಾಯಂ ಮಾಡುವಾಗ ಓಟ, ನಿಶಾನೆಗಳಷ್ಟೇ ತೂಕ ಸೆಕ್ಷನ್‌ನಲ್ಲಿ ಹುಡುಗ ಉಳಿದವರಿಗೆ ಹೇಗೆ ಆಸರೆಯಾದ ಎಂಬುದಕ್ಕೂ ಸಿಗಬೇಕು. ಅದನ್ನು ಹೇಳಬಲ್ಲವ ದಿನಾ ಜತೆಗಿರುವ ಹವಾಲ್ದಾರ. ಅವನ ಮಾತಿಗೆ ಕಿಮ್ಮತ್ತು ಕೊಡಲಿ. ಮರಳಿ ಬರುವ ಮುಕ್ಕಾಲು ಪಾಲು ಹುಡುಗರ ಅನ್ನದ ದಾರಿಯನ್ನು ಮುಂಬೈ, ಬೆಂಗಳೂರು ಎರಡೂ ಸರಕಾರಗಳು ಅವರು ಸೇರುವ ಮೊದಲೇ ಬರೆದು ತಿಳಿಸಲಿ.