ಕ್ಷಮೆ ಸಿಕ್ಕಿತು, ಹಾಡಿದವರ ಹೆಸರು ಸಿಗಲಿಲ್ಲ

ಡಿಸೆಂಬರ್ ಬಂತೆಂದರೆ ವರ್ಷದ ಮೆಚ್ಚಿನ ಹಾಡು, ಆಲ್ಬಂಗಳ ಪಟ್ಟಿಗಳು ಹೊರಬೀಳತೊಡಗುತ್ತವೆ. 2020ರಲ್ಲಿ ಚಾಮರಾಜನಗರ ಸೀಮೆಯ ಕೇಳುಗರು ಅಂಥ ಪಟ್ಟಿ ಬರೆಯಲು ಕೂತಿದ್ದರೆ, ಆ ವರ್ಷ ಅವರನ್ನು ಅತಿ ಹೆಚ್ಚು ಕಲಕಿದ ಹಾಡನ್ನು ಸೇರಿಸುವಂತಿರಲಿಲ್ಲ. ಅಷ್ಟು ಹೊತ್ತಿಗೆ ಅದು ಯೂಟ್ಯೂಬಿನಿಂದಲೇ ಇಳಿದು ಹೋಗಿತ್ತು.

ಆ ಹಾಡು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಜನಪದ ಕಾವ್ಯದ ‘ಕೋಲುಮಂಡೆ’. ಆಗಸ್ಟ್‌ನಲ್ಲಿ, ಗಣೇಶನ ಹಬ್ಬದ ಹೊತ್ತಿಗೆ, ಚಂದನ್ ಶೆಟ್ಟಿ ಅವರ ಈ ರ‍್ಯಾಪ್ ವಿಡಿಯೊವನ್ನು ಆನಂದ್ ಆಡಿಯೊ ಹೊರತಂದಿತು. ಮಾದಪ್ಪನ ಒಕ್ಕಲುಗಳು ಸಿಟ್ಟಿಗೆದ್ದರು. ಶರಣೆ ಸಂಕಮ್ಮನನ್ನು ಅದರಲ್ಲಿ ತೋರಿಸಿದ ಬಗೆ ಅಸಭ್ಯ ಎಂಬುದು ಅವರ ಆಕ್ಷೇಪ. ಕೆಲವೇ ದಿನಗಳಲ್ಲಿ ಗಾಯಕ ಕ್ಷಮೆ ಕೇಳಿದರು, ವಿಡಿಯೊ ಮರೆಯಾಯಿತು. ವಿವಾದ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಕೈ ತೊಳೆದುಕೊಂಡರು. ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ: ಈ ಹಾಡನ್ನು ಇಲ್ಲಿಯವರೆಗೆ ಹೊತ್ತು ತಂದವರು ಯಾರು, ಅವರಿಗೆ ಸಂದಿದ್ದೇನು?

ಮೊದಲು ಸಂಕಮ್ಮನ ಮಾತು. ಮಲೆ ಮಹದೇಶ್ವರ ಕಾವ್ಯವನ್ನು ಕಂಸಾಳೆಯವರು, ಅಂದರೆ ದೀಕ್ಷೆ ಪಡೆದ ದೇವರಗುಡ್ಡರು, ಸಾಲು ಸಾಲಾಗಿ ಹಾಡುತ್ತಾರೆ. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಅವುಗಳಲ್ಲಿ ಹೆಂಗಸರು ಕಣ್ಣೀರು ಹಾಕಿ ಕೇಳುವುದು ಸಂಕಮ್ಮನ ಸಾಲನ್ನು. ಮಕ್ಕಳಿಲ್ಲದ ಸಂಕಮ್ಮನ ಮೇಲೆ ಗಂಡ ನೀಲೇಗೌಡನಿಗೆ ಅನುಮಾನ. ಕಾಡಿಗೆ ಹೊರಟವನು, ತಾನು ಬರುವ ತನಕ ನಡತೆ ಕೆಡುವುದಿಲ್ಲ ಎಂದು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಒಪ್ಪುವುದಿಲ್ಲ. ಅವಳನ್ನು ಸೆರೆಯಲ್ಲಿಟ್ಟು ಅವನು ಹೋದ ಮೇಲೆ ಮಾದಪ್ಪ ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ. ಅವನ ವರದಿಂದ ಹುಟ್ಟುವವರು ಕಾರಯ್ಯ, ಬಿಲ್ಲಯ್ಯ. ತನ್ನ ಶೀಲಕ್ಕೆ ಗಂಡನ ಮುಂದೆ ಜಾಮೀನು ಕೊಡಲೊಲ್ಲದ ಹೆಣ್ಣನ್ನು ಕಾಡಂಚಿನ ಊರುಗಳು ಕನ್ನಡದಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿವೆ. ಯಾವ ಆಧುನಿಕ ನಾಟಕಕಾರನಿಗೂ ಹೊಟ್ಟೆಕಿಚ್ಚು ಹುಟ್ಟಿಸುವಂಥ ಪಾತ್ರ ಅದು.

ಇಂಥ ಹೆಣ್ಣನ್ನು ನೋಡುಗರ ಕಣ್ಣಿಗೆ ಹಬ್ಬವಾಗಿಸಲು ಹೊರಟದ್ದೇ ‘ಕೋಲುಮಂಡೆ’ ರ‍್ಯಾಪಿನ ತಪ್ಪು. ರ‍್ಯಾಪ್ ಮಾಡಿದ್ದು ತಪ್ಪಲ್ಲ. ತಾಳಕ್ಕೆ ಮಾತು ಪೋಣಿಸುವ ಕಲೆ ಕಂಸಾಳೆಯವರಿಗೆ ಹೊಸತೂ ಅಲ್ಲ. ಮುಮ್ಮೇಳದವರು ಕತೆ ಎತ್ತಿದರೆ ಹಿಮ್ಮೇಳದವರು ಸೊಲ್ಲು ಹಿಡಿದು ಇರುಳೆಲ್ಲ ಓಡಿಸುತ್ತಾರೆ. ಅವರ ಬಾಯಲ್ಲಿ ಪದ ಓಡುವ ವೇಗ ನೋಡಿದವರು ರ‍್ಯಾಪಿಗೆ ಬೆರಗಾಗುವುದಿಲ್ಲ. ಸಾಲು ಕೇಳದೆ ಸೊಲ್ಲನ್ನಷ್ಟೇ ಕಿತ್ತುಕೊಂಡದ್ದು ತಪ್ಪು.

ಇದೇ ಕಾರಣಕ್ಕೆ ಮುಂದಿನ ವರ್ಷದ ಇನ್ನೊಂದು ಆಕ್ಷೇಪವನ್ನು ಒಪ್ಪಲಾಗದು. 2021ರ ನವೆಂಬರ್‌ನಲ್ಲಿ ಬಂದ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಮಾದಪ್ಪನ ಮೇಲಿನ ‘ಸೋಜುಗಾದ ಸೂಜುಮಲ್ಲಿಗೆ’ ಹಾಡನ್ನು ಹಿಂಸೆಯ ದೃಶ್ಯಕ್ಕೆ ಬಳಸಿದ್ದಕ್ಕೂ ವಿರೋಧ ಕೇಳಿಬಂತು. ಅಲ್ಲಿ ನಿರ್ದೇಶಕ ಹಾಡನ್ನು ಕೆಡಿಸಲಿಲ್ಲ. ಕೇಡಿನ ನಡುವೆ ಮುಗ್ಧವಾದೊಂದು ದನಿ ಇಟ್ಟು ಪ್ರೇಕ್ಷಕನನ್ನು ನಡುಗಿಸಿದರು. ಮಾದಪ್ಪನ ಕಾವ್ಯದಲ್ಲೂ ಹಿಂಸೆ ಕಡಿಮೆಯಿಲ್ಲ. ಶ್ರವಣನ ಸಂಹಾರವೇ ಅದರ ದೊಡ್ಡ ಭಾಗ. ಭಕ್ತಿಯ ಹೆಸರಿನಲ್ಲಿ ಕಾವ್ಯವನ್ನು ಬರೀ ಸೌಮ್ಯ ಭಜನೆ ಮಾಡಿಟ್ಟರೆ ಅದಕ್ಕೂ ಅಪಚಾರವೇ.

ಇನ್ನು ಹೆಸರಿನ ವಿಚಾರ. ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ 1996ರಲ್ಲಿ ‘ಕೋಲುಮಂಡೆ’ಯನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ವಿ. ಮನೋಹರ್ ಅವರ ಸಂಗೀತದಲ್ಲಿ ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು, ಅರ್ಹವಾಗಿಯೇ ಬಂತು. ‘ಸೋಜುಗಾದ ಸೂಜುಮಲ್ಲಿಗೆ’ ಅನನ್ಯಾ ಭಟ್ ಅವರ ದನಿಯಲ್ಲಿ ಕೊಯಮತ್ತೂರಿನ ಈಶಾ ಶಿವರಾತ್ರಿಯ ವೇದಿಕೆ ಏರಿ, ಕನ್ನಡ ಬಾರದವರ ಫೋನುಗಳಲ್ಲೂ ಮೊಳಗಿತು. ಇದರಲ್ಲಿ ದೂರುವುದೇನೂ ಇಲ್ಲ. ಆದರೆ ಇಂಥ ಧ್ವನಿಮುದ್ರಿಕೆಗಳಲ್ಲಿ ಸಾಹಿತ್ಯದ ಜಾಗದಲ್ಲಿ ‘ಜನಪದ’ ಎಂದು ಹಾಕಿಬಿಡುವುದು ವಾಡಿಕೆ. ಯಾವ ಮೇಳದಿಂದ ಕಲಿತರು, ಯಾವ ಊರಿನ ಮಟ್ಟು, ಯಾರ ಬಾಯಿಂದ ಇಳಿಸಿಕೊಂಡರು ಎಂಬುದಕ್ಕೆಲ್ಲ ಆ ಒಂದು ಪದವೇ ಉತ್ತರವಾಗುತ್ತದೆ.

ಇದು ತಪ್ಪಿಸಲಾಗದ ಸಂಗತಿ ಅಲ್ಲವೆಂದು ಪುಸ್ತಕಲೋಕ ಎಂದೋ ತೋರಿಸಿದೆ. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ‘ಮಲೆ ಮಾದೇಶ್ವರ’ವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿತು. ಅದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯ. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಅದನ್ನು ಇಂಗ್ಲಿಷಿಗೆ ತಂದಾಗಲೂ ಮಾದಯ್ಯನವರ ಹೆಸರು ಕಾವ್ಯದ ಜೊತೆಗೇ ಹೋಯಿತು. ವಿದ್ವಾಂಸರಿಗೆ ಸಾಧ್ಯವಾದದ್ದು ಆಡಿಯೊ ಕಂಪನಿಗಳಿಗೆ ಏಕೆ ಸಾಧ್ಯವಿಲ್ಲ?

ಕಾನೂನು ಅರ್ಧ ದಾರಿಯವರೆಗೆ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ತಂದಿತು. ಈಗ ಅದರ ಅವಧಿ 50 ವರ್ಷ. 2012ರಲ್ಲಿ ಸೇರಿದ 38ಬಿ ಕಲಮಿನ ಪ್ರಕಾರ, ಬಳಕೆಯ ಸ್ವರೂಪವೇ ಅಡ್ಡಿಯಾಗದ ಹೊರತು, ಪ್ರದರ್ಶಕನನ್ನು ಪ್ರದರ್ಶಕನೆಂದು ಗುರುತಿಸಲೇಬೇಕು. ಗುಂಡ್ಲುಪೇಟೆಯ ಜಗುಲಿಯಲ್ಲಿ ಹಾಡುವ ದೇವರಗುಡ್ಡನಿಗೂ, ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಪದ ಹೇಳುವ ನೀಲಗಾರನಿಗೂ ಈ ಹಕ್ಕಿದೆ. ಅವರ ಹಾಡನ್ನು ಮುದ್ರಿಸಿಕೊಂಡು ಹೋದವರು ಹೆಸರು ಬಿಟ್ಟು ಮಾರಿದರೆ ಅದು ಹಕ್ಕಿನ ಉಲ್ಲಂಘನೆ. ಆದರೆ ಅದೇ ಹಾಡನ್ನು ಕೇಳಿ ಕಲಿತು ಬೇರೊಬ್ಬರು ಹಾಡಿದರೆ ಕಾಯ್ದೆ ಸುಮ್ಮನಾಗುತ್ತದೆ. ಜನಪದ ಅಭಿವ್ಯಕ್ತಿಯ ರಕ್ಷಣೆಗೆ ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ 1982ರಲ್ಲೇ ಮಾದರಿ ನಿಯಮ ರೂಪಿಸಿದ್ದವು. ಮೂಲ ಸಮುದಾಯ ಮತ್ತು ಸ್ಥಳವನ್ನು ಹೆಸರಿಸಬೇಕೆಂದು ಅವು ಹೇಳುತ್ತವೆ. ಭಾರತ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿಲ್ಲ.

ಹೆಸರು ಕಳೆದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ ಸಾಕ್ಷಿ. 1939ರಲ್ಲಿ ಅವನು ಮುದ್ರಿಸಿದ ‘ಎಂಬೂಬೆ’ ಮುಂದೆ ಸಿಂಹದ ಹಾಡಾಗಿ ಜಗತ್ತೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳಿಗೆ ನ್ಯಾಯ ಸಿಕ್ಕಿದ್ದು 2006ರ ಒಪ್ಪಂದದಲ್ಲಿ. ಅಲ್ಲಿ ಹಾಡಿನ ಹಿಂದೆ ಹೋದರೆ ಒಬ್ಬ ಮನುಷ್ಯ ಸಿಗುತ್ತಿದ್ದ. ಇಲ್ಲಿ ಸಿಗುವುದು ಹತ್ತಾರು ಮೇಳಗಳು, ಹಾಲುಮತದ ಗುಡ್ಡರು, ದಲಿತ ನೀಲಗಾರರು, ಬಿಳಿಗಿರಿರಂಗನ ಬೆಟ್ಟದಲ್ಲಿ ಗೊರುಕನ ಹಾಡುವ ಸೋಲಿಗರು. ಲೆಕ್ಕ ಕಷ್ಟ, ಹೌದು. ಕಷ್ಟವೆಂಬುದು ಕೊಡದೆ ಇರಲು ನೆಪವಾಗಬಾರದು.

‘ಹಾಡು ಎಲ್ಲರದು, ಹೆಸರಿನ ಗೊಡವೆ ಗುಡ್ಡರಿಗೇ ಇಲ್ಲ’ ಎಂಬ ವಾದವೂ ಇದೆ. ದೀಕ್ಷೆ ಪಡೆದು ಭಿಕ್ಷಕ್ಕೆ ಹೋಗುವವರು ಹಾಡನ್ನು ಮಾರಾಟದ ಸರಕೆಂದು ನೋಡಿಲ್ಲ ಎಂಬುದು ನಿಜ. ಹಾಗೆ ನೋಡಿದವರು ಕಂಪನಿಯವರು. ದುಡ್ಡು ಹುಟ್ಟಿದ ಮೇಲೆ ‘ಎಲ್ಲರದು’ ಎನ್ನುವ ಮಾತು ಒಬ್ಬರ ಜೇಬಿಗಷ್ಟೇ ಒದಗುತ್ತದೆ.

ಹಾಗಾಗಿ ಕೆಲಸ ಆಗಬೇಕಾದ್ದು ಎರಡು ಕಡೆ. ಹುಂಡಿ ಎಣಿಸಿದಾಗ ಕೋಟಿಗಳ ಲೆಕ್ಕ ಕೊಡುವ ಮಲೆ ಮಹದೇಶ್ವರ ಸ್ವಾಮಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರ, ಈ ಸೀಮೆಯ ಮೇಳಗಳಿಂದ ಪ್ರತಿಯೊಂದು ಸಾಲನ್ನೂ ಪೂರ್ತಿಯಾಗಿ ಮುದ್ರಿಸಿ, ಹಾಡಿದವರ ಹೆಸರು, ಊರು, ಸಂಭಾವನೆಯೊಂದಿಗೆ ಹೊರತರಲಿ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸೇರುವ ನೀಲಗಾರರಿಗೂ ಜಿಲ್ಲಾಡಳಿತ ಅದನ್ನೇ ಮಾಡಲಿ. ಆಡಿಯೊ ಕಂಪನಿಗಳು ‘ಜನಪದ’ ಎಂದು ಬರೆಯುವಲ್ಲಿ ಕಲಿಸಿದವರ ಹೆಸರು ಬರೆಯಲಿ, ಆದಾಯದಲ್ಲಿ ಪಾಲು ಕೊಡಲಿ.

ಪಟ್ಟಿ ಬರೆಯುವ ಕೇಳುಗರೂ ಈ ಸಲ ಮೂರು ನಿಮಿಷದ ತುಣುಕಿಗೆ ತೃಪ್ತರಾಗದಿರಲಿ. ಸಂಕಮ್ಮನ ಸಾಲನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೂತು ಕೇಳಿ, ಹಾಡಿದವರ ಹೆಸರು ವಿಚಾರಿಸಿ, ಆ ಹೆಸರನ್ನು ಪಟ್ಟಿಯಲ್ಲಿ ಬರೆಯಿರಿ.