ಬಾಲ್ಕನಿ ಬಿದ್ದಾಗ ಬೈಸಿಕೊಳ್ಳೋದು ಯಾರು?

1/4
ಎಲ್ಲಾದ್ರೂ ಬಾಲ್ಕನಿ ಕುಸಿದು ಹುಡುಗ್ರು ಸತ್ತರೆ ಜನ ಮೊದಲು ಕೇಳೋದು, "ಅಷ್ಟು ಜನ ಅಲ್ಲಿ ಯಾಕೆ ನಿಂತಿದ್ರು?" ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: "ಅದನ್ನ ಕೊನೇ ಸಲ ಕೆಳಗಿಂದ ನೋಡಿದ್ದು ಯಾರು, ಯಾವಾಗ?"

2015ರ ಜೂನ್ 16, ಕ್ಯಾಲಿಫೋರ್ನಿಯಾದ ಬರ್ಕ್‌ಲಿ. ಮಧ್ಯರಾತ್ರಿ ಕಳೆದಿತ್ತು. ಒಂದು ಅಪಾರ್ಟ್‌ಮೆಂಟ್‌ನಲ್ಲಿ 21ನೇ ಬರ್ತ್‌ಡೇ ಪಾರ್ಟಿ, ಬಾಲ್ಕನಿಯಲ್ಲಿ 13 ಜನ. ಬಾಲ್ಕನಿ ಮುರಿದು ಬಿತ್ತು. 6 ಜನ ಸತ್ತರು, 7 ಜನಕ್ಕೆ ಗಂಭೀರ ಗಾಯ. ಸತ್ತವರಲ್ಲಿ 5 ಜನ ಬೇಸಿಗೆ ಕೆಲಸಕ್ಕೆ ಅಂತ ಐರ್ಲೆಂಡ್‌ನಿಂದ ಬಂದಿದ್ದ ವಿದ್ಯಾರ್ಥಿಗಳು. ಎಲ್ಲರಿಗೂ 21, 22 ವರ್ಷ. ನಮ್ಮ ಸೀನಿಯರ್ಸ್ ವಯಸ್ಸು.

ನ್ಯೂಯಾರ್ಕ್ ಟೈಮ್ಸ್ ಆಗ ಈ ವಿದ್ಯಾರ್ಥಿಗಳ ಪಾರ್ಟಿ ಹುಚ್ಚಿನ ಬಗ್ಗೆ ಬರೆದು ಚೆನ್ನಾಗಿ ಉಗಿಸಿಕೊಂಡಿತು. ತನಿಖೆಯಲ್ಲಿ ಗೊತ್ತಾಗಿದ್ದು ಏನು? ಬಾಲ್ಕನಿಯನ್ನ ಹೊತ್ತಿದ್ದ ಮರದ ತೊಲೆಗಳು ನೀರು ಸೇರಿ ಒಳಗೊಳಗೇ ಕೊಳೆತಿದ್ದವು.

2/4
ಆ ಕಟ್ಟಡ ಮುಗಿದಿದ್ದು 2007ರಲ್ಲಿ. ಅಂದ್ರೆ ಬರೀ 8 ವರ್ಷ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಬಾಡಿಗೆ ಮನೆಗೆ ಡಿಪ್ರಿಸಿಯೇಷನ್ ಹಾಕೋದು 27.5 ವರ್ಷಕ್ಕೆ. ಪುಸ್ತಕದಲ್ಲಿ ಇನ್ನೂ 19 ವರ್ಷ ಆಯಸ್ಸಿತ್ತು. ಮರಕ್ಕೆ ಪುಸ್ತಕದ ಲೆಕ್ಕ ಗೊತ್ತಿಲ್ಲ.

ಬಾಲ್ಕನಿ ಮೇಲೆ ಅಣಬೆ ಬೆಳೆದಿತ್ತು, ಹಿಂದಿನ ಬಾಡಿಗೆದಾರರು ದೂರು ಕೊಟ್ಟಿದ್ದರು ಅಂತ ಆಮೇಲೆ ಹಾಕಿದ ಕೇಸುಗಳಲ್ಲಿ ಆರೋಪ ಬಂತು. ಆದರೆ ಯಾರ ಮೇಲೂ ಕ್ರಿಮಿನಲ್ ಕೇಸ್ ಆಗಲಿಲ್ಲ.

3/4
2018ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂತು. 3 ಅಥವಾ ಅದಕ್ಕಿಂತ ಜಾಸ್ತಿ ಮನೆಗಳಿರೋ ಬಾಡಿಗೆ ಕಟ್ಟಡಗಳಲ್ಲಿ ಮರದ ಆಧಾರದ ಮೇಲೆ ನಿಂತ ಬಾಲ್ಕನಿ, ಡೆಕ್‌ಗಳನ್ನ 6 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಒಳ್ಳೇದೇ. ಆದ್ರೆ ಎಲ್ಲವನ್ನೂ ಅಲ್ಲ, ಪ್ರತಿ ಬಗೆಯಲ್ಲಿ ಕನಿಷ್ಠ 15% ನೋಡಿದ್ರೆ ಸಾಕು. ಆಡಿಟಿಂಗ್ ಕ್ಲಾಸಲ್ಲಿ ಇದಕ್ಕೆ ಟೆಸ್ಟ್ ಚೆಕಿಂಗ್ ಅಂತೀವಿ. ವೋಚರ್‌ಗೆ ಅದು ಸರಿ, ಯಾಕಂದ್ರೆ ವೋಚರ್ ಮೇಲೆ ಯಾರೂ ನಿಲ್ಲಲ್ಲ.

ಒಂಟಿ ಮನೆಗೆ ಅಂಟಿಕೊಂಡಿರೋ ಡೆಕ್, ಅಂದ್ರೆ ಮರದ ಹೊರ ಜಗಲಿ, ಈ ಕಾನೂನಿಗೆ ಬರೋದೇ ಇಲ್ಲ. ಅಲ್ಲಿ ಇರೋರೇ ನೋಡ್ಕೋಬೇಕು. ಎಂ.ಎಸ್‌ಗೆ ಹೊರಟಿರೋ ಸೀನಿಯರ್ಸ್, ಇದು ನಿಮಗೆ:

• ಮೇಲಿನ ಹಲಗೆಗೆ ಹೊಸ ಬಣ್ಣ ಇದೆ ಅಂತ ನಂಬಬೇಡಿ. ಕೆಳಗೆ ಹೋಗಿ ನೋಡಿ.
• ಡೆಕ್ಕನ್ನ ಗೋಡೆಗೆ ಹಿಡಿದಿಡೋ ಹಲಗೆಯ ಹೆಸರೂ ಲೆಡ್ಜರ್ರೇ! ಅದಕ್ಕೆ ಬರೀ ಮೊಳೆ ಹೊಡೆದಿದ್ರೆ ಅಪಾಯ, ಬೋಲ್ಟ್ ಅಥವಾ ಅದಕ್ಕೇ ಮಾಡಿದ ದಪ್ಪ ಸ್ಕ್ರೂ ಇರಬೇಕು.
• ಗೋಡೆ ಸೇರೋ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮೆತ್ತಗೆ ಒಳಗೆ ಹೋದ್ರೆ ಮರ ಕೊಳೆತಿದೆ.
• ಕಂಬಿ ಅಲ್ಲಾಡಿಸಿ ನೋಡಿ. ಕಂಬಿಗಳ ನಡುವೆ 4 ಇಂಚಿಗಿಂತ ಜಾಸ್ತಿ ಸಂದು ಇದ್ರೆ ಮಗು ತೂರಿಹೋಗಬಹುದು.

4/4
"ನಮ್ಮಲ್ಲಿ ಎಲ್ಲಾ ಕಾಂಕ್ರೀಟು, ಏನಾಗಲ್ಲ ಬಿಡು" ಅನ್ನೋರಿಗೆ: ಕಾಂಕ್ರೀಟಿನ ಒಳಗಿರೋದು ಕಬ್ಬಿಣ. ನೀರು ಇಳಿದ್ರೆ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತೆ. ಇವತ್ತು ಪಿಜಿ ಬಾಲ್ಕನಿ ಕೆಳಗೆ ನಿಂತು ತಲೆ ಎತ್ತಿ ನೋಡಿ. ಕಂದು ಕಲೆ, ಬಿರುಕು, ಉದುರಿದ ಗಾರೆ, ಹೊರಗೆ ಇಣುಕೋ ಕಂಬಿ, ಬುಡದಲ್ಲಿ ತುಕ್ಕು ತಿಂದ ರೇಲಿಂಗ್: ಒಂದು ಕಂಡ್ರೂ ಅಲ್ಲಿ ನಿಲ್ಲಬೇಡಿ, ಬಟ್ಟೆ ಒಣಹಾಕೋಕೂ ಹೋಗಬೇಡಿ.

ಫೋಟೋ ತೆಗೆದು, ತಾರೀಖು ಹಾಕಿ, ಓನರ್‌ಗೆ ವಾಟ್ಸಾಪ್ ಮಾಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಬರೆದಿದ್ದು ಉಳಿಯುತ್ತೆ. "ಅಂಕಲ್ ಬೇಜಾರ್ ಮಾಡ್ಕೊಂಡ್ರೆ?" ಮಾಡ್ಕೊಳ್ಳಲಿ. ನಾವು ಕೊಡೋ ಬಾಡಿಗೆ ರೂಮಿಗಷ್ಟೇ ಅಲ್ಲ, ಅದನ್ನ ಹೊತ್ತಿರೋ ಗೋಡೆ, ಕಂಬಿಗೂ ಸೇರಿ. ರಿಪೇರಿ ಕೇಳೋದು ಭಿಕ್ಷೆ ಅಲ್ಲ.

ನಾಲ್ಕು ಜನ ನಿಂತು ನಗೋಕೆ ಅಂತಾನೇ ಬಾಲ್ಕನಿ ಕಟ್ಟೋದು. ನಕ್ಕಿದ್ದಕ್ಕೆ ಅದು ಬಿದ್ರೆ ತಪ್ಪು ನಕ್ಕವರದ್ದಲ್ಲ.

ನಿಮ್ಮ ಪಿಜಿ ಬಾಲ್ಕನಿ ಕೆಳಗಿಂದ ಹೇಗಿದೆ? ಕಾಮೆಂಟಲ್ಲಿ ಹೇಳಿ, ರೂಮ್‌ಮೇಟ್‌ನ ಟ್ಯಾಗ್ ಮಾಡಿ.

#ಬಾಲ್ಕನಿ #ಪಿಜಿಲೈಫ್ #ಬಿಕಾಂಹುಡುಗ್ರು